ಏಳನೇ ಕಂಬದಿಂದ ಗೇಟಿನವರೆಗೆ

ದೆವ್ವ, ಪವಾಡ ಅಂತ ಯಾರಾದರೂ ಬಾಯಿ ತೆರೆದರೆ 'ಹೋಗ್ರೀ ಸಾಕು, ಕಿವಿ ಮೇಲೆ ಹೂವ ಇಡಬೇಡಿ' ಅನ್ನುತ್ತಿದ್ದವನು ನಾನು. ಪೀಣ್ಯದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ವರ್ಷಗಟ್ಟಲೆ ಅಳತೆ ನೋಡಿದ ಮನುಷ್ಯ. ಅಳತೆಗೆ ಸಿಗದ ವಸ್ತುವೇ ಇಲ್ಲ ಅಂತ ನನ್ನ ನಂಬಿಕೆ. ಈಗ ಹೇಳುವುದನ್ನು ನೀವು ನಂಬಲೇಬೇಕು ಅಂತ ನನಗೇನೂ ಹಟವಿಲ್ಲ.

ತೊಂಬತ್ತರ ದಶಕದ ಮಧ್ಯದಲ್ಲಿ ನಮ್ಮ ಕಾರ್ಖಾನೆಯಲ್ಲೊಂದು ಚಾರಣದ ಗುಂಪಿತ್ತು. ಮಾಕಳಿಯಾಚೆ ಒಂದು ಕಾಯ್ದಿಟ್ಟ ಕಾಡಿನಲ್ಲಿ, ಅನುಮತಿ ಪಡೆದು, ಕಾಯಮ್ಮಾಗಿ ಹತ್ತು ಕಂಬ ನೆಟ್ಟಿದ್ದೆವು. ನಕ್ಷೆ, ದಿಕ್ಸೂಚಿ ಹಿಡಿದು ಒಂದೊಂದೇ ಕಂಬ ಹುಡುಕಬೇಕು. ಕಂಬಕ್ಕೆ ಕಟ್ಟಿರುವ ಪಂಚಿನಿಂದ ಚೀಟಿಗೆ ತೂತು ಹಾಕಿಕೊಳ್ಳಬೇಕು. ಒಂದೊಂದು ಪಂಚಿನ ತೂತು ಒಂದೊಂದು ತರಹ. ಹತ್ತನ್ನೂ ಮಾಡಿದವನು ನಾನೇ.

ಆ ಭಾನುವಾರ ನನ್ನ ಜೋಡಿ ಮಲ್ಲಣ್ಣ. ದಾವಣಗೆರೆ ಕಡೆಯವನು, ನನ್ನ ಪಕ್ಕದ ಮಷೀನಿನವನು, ಉಬ್ಬಸದ ಮನುಷ್ಯ. ಮೋಡ ಮುಚ್ಚಿದ ದಿನ. ಆರನೇ ಕಂಬದವರೆಗೆ ಅವನೇ ದಿಕ್ಸೂಚಿ ಹಿಡಿದು ಕರೆದುಕೊಂಡು ಬಂದ. ಏಳನೆಯದರ ಹತ್ತಿರ ಉಸಿರು ಸಿಕ್ಕಿಕೊಂಡಿತು. ಜೇಬು ತಡಕಿದ. ಬಾಯಿಗೆ ಹೊಡೆದುಕೊಳ್ಳುವ ಪಂಪು ಕಾಡಿನ ಗೇಟಿನ ಬಳಿ ನಾವು ಬಂದ ವ್ಯಾನಿನಲ್ಲೇ ಉಳಿದಿತ್ತು.

'ಇಲ್ಲೇ ಕೂತಿರು, ತಂದ್ಬಿಡ್ತೀನಿ' ಅಂದು ದಿಕ್ಸೂಚಿ ಕಿತ್ತುಕೊಂಡು ಓಡಿದೆ. ಗೇಟು ನೇರ ಉತ್ತರಕ್ಕೆ. ಕಾಲು ಗಂಟೆ ಓಡಿದ ಮೇಲೆ ಎದುರಿಗೆ ಬಂದದ್ದು ಅದೇ ಏಳನೇ ಕಂಬ, ಅದೇ ಮಲ್ಲಣ್ಣ. 'ತಂದ್ಯಾ?' ಅಂದ. ಅಯ್ಯೋ, ಆ ಮುಖ! ಮತ್ತೆ ಓಡಿದೆ, ಮತ್ತೆ ಅಲ್ಲಿಗೇ ಬಂದೆ. ಈ ಸಲ ಅವನು ನನ್ನ ಬರಿಗೈ ನೋಡಿದ. ತುಟಿ ನೀಲಿಗಟ್ಟಿತ್ತು. ಮೂರನೇ ಸಲ ಬಂದಾಗ ಮಲ್ಲಣ್ಣನೇ ಇರಲಿಲ್ಲ.

ಕೂಗಿದೆ. ಪೊದೆ ಪೊದೆ ಹುಡುಕಿದೆ. ಆಮೇಲೆ ಕಂಬದ ಬುಡದಲ್ಲಿ ಕೂತು ಚಿಕ್ಕ ಮಕ್ಕಳ ಹಾಗೆ ಅತ್ತುಬಿಟ್ಟೆ. ಅವನನ್ನು ನಾನೇ ಕೊಂದೆ ಅನ್ನಿಸಿತು. ಅವನ ಹೆಂಡತಿ ಆಗ ತುಂಬು ಬಸುರಿ, ಅವರಿಗೆ ಏನಂತ ಹೇಳಲಿ? ಸಂಜೆ ಕಾಡಿನ ಕಾವಲುಗಾರ ಬಂದು 'ಏನ್ ಸಾರ್ ಇಲ್ ಕುಂತಿದ್ದೀರಿ, ಅಲ್ಲಿ ಎಲ್ರೂ ನಿಮ್ಮನ್ನೇ ಉಡುಕ್ತಾವ್ರೆ' ಅಂತ ರಟ್ಟೆ ಹಿಡಿದು ಎಬ್ಬಿಸಿದ.

ಗೇಟಿನ ಹತ್ತಿರ ವ್ಯಾನಿನ ಮೆಟ್ಟಿಲ ಮೇಲೆ ಕೂತು ಮಲ್ಲಣ್ಣ ಟೀ ಕುಡಿಯುತ್ತಿದ್ದ! ನನ್ನನ್ನು ಕಂಡವನೇ ಬೈದ. 'ಕೈ ಹಿಡ್ಕಂಡು ಗೇಟಿನ ತನಕ ಕರ್ಕೊಂಡ್ ಬಂದು, ಒಂದು ಮಾತೂ ಆಡ್ದೆ ವಾಪಸ್ ಹೋಗ್ಬಿಟ್ಯಲ್ಲೋ. ಎಲ್ಲಿಗೆ ಹೋಗಿದ್ದೆ?'

ನಾನಲ್ಲ ಕಣೋ ಅಂದೆ. 'ಕಣ್ಣಿಗೆ ಕತ್ಲೆ ಬಂದಿತ್ತು, ಮುಖ ಕಾಣ್ಲಿಲ್ಲ ನಿಜ. ಆದ್ರೆ ಈ ಅರ್ಧ ಬೆರಳು ನಂಗೆ ಗೊತ್ತಾಗಲ್ವಾ?' ಅಂತ ನನ್ನ ಬಲಗೈ ಎತ್ತಿ ಹಿಡಿದ. ಹಿಂದೊಮ್ಮೆ ಕಾರ್ಖಾನೆಯ ಪ್ರೆಸ್ ಯಂತ್ರಕ್ಕೆ ಸಿಕ್ಕಿ ನನ್ನ ತೋರುಬೆರಳು ಅರ್ಧ ಹೋಗಿದೆ. ಅವನ ಚೀಟಿ ಇಸಿದುಕೊಂಡು ನೋಡಿದೆ. ಎಂಟು, ಒಂಬತ್ತು, ಹತ್ತು, ಮೂರೂ ತೂತು ಬಿದ್ದಿದ್ದವು, ನಾನು ಮಾಡಿದ ಪಂಚಿನವೇ. ನನ್ನ ಚೀಟಿ ಏಳಕ್ಕೆ ನಿಂತಿತ್ತು.

ಮನೆಗೆ ಬಂದು ಚೀಲ ಕೊಡವಿದರೆ ಅಳತೆಯ ಡಯಲ್ ಗೇಜು ನಿಲ್ಲಿಸುವ ಅಯಸ್ಕಾಂತದ ಸ್ಟ್ಯಾಂಡು ಬಿತ್ತು. ಶನಿವಾರ ಕೆಲಸ ಮುಗಿಸಿ ಬರುವಾಗ ಚೀಲದಲ್ಲೇ ಮರೆತಿದ್ದೆ. ಆ ಚೀಲ ಹೆಗಲಿಗೆ ಹಾಕಿಕೊಂಡು ದಿಕ್ಸೂಚಿ ನೋಡಿದ ಪೆದ್ದ ನಾನು! ಮುಳ್ಳು ಉತ್ತರ ಬಿಟ್ಟು ನನ್ನ ಚೀಲವನ್ನೇ ನೋಡುತ್ತಿತ್ತು. ನಾನು ಸುತ್ತು ಹೊಡೆದದ್ದು ಯಾಕೆ ಅನ್ನುವುದು ಅಲ್ಲಿಗೆ ಬಗೆಹರಿಯಿತು. ಮಿಕ್ಕಿದ್ದು ಬಗೆಹರಿದಿಲ್ಲ.

ಮಗಳ ನಾಮಕರಣದ ದಿನ ಮಲ್ಲಣ್ಣನ ಹೆಂಡತಿ ಕೂಸನ್ನು ಎಲ್ಲರಿಗಿಂತ ಮೊದಲು ನನ್ನ ತೊಡೆಯ ಮೇಲೆ ಮಲಗಿಸಿದರು. 'ಅಣ್ಣ, ಈ ಕೂಸಿಗೆ ಅಪ್ಪ ಉಳಿದಿದ್ದು ನಿಮ್ಮ ಕೈಯಿಂದ' ಅಂದರು. ಅಲ್ಲಮ್ಮ, ನಾನು ಅಲ್ಲಿ ಅಳುತ್ತಾ ಕೂತಿದ್ದೆ ಅನ್ನುವ ಮಾತು ಬಾಯಿಯವರೆಗೆ ಬಂತು. ಅಷ್ಟರಲ್ಲಿ ಕೂಸು ನನ್ನ ಅರ್ಧ ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಅದು ನಿಜಕ್ಕೂ ಯಾರ ಬೆರಳು ಹಿಡಿಯಬೇಕಿತ್ತೋ, ನನಗೆ ಇವತ್ತಿಗೂ ತಿಳಿಯದು.