ವಿಮಾನದಾಗ ಬಿಚ್ಚಿದ ಬಯಕಿ ಬುತ್ತಿ

ಶಹಾಬಾದ ಫರ್ಸಿ ಕಲ್ಲು ನೆಲಕ್ಕೆ ಹಾಸೋದರಾಗ ನನ್ನ ಕೈಕೆಲಸ ನೋಡಿ ಮುಂಬಯಿ ಸಾಹುಕಾರರೊಬ್ಬರು ವಿಮಾನದ ಟಿಕೀಟನ್ನೇ ಕಳಿಸಿದ್ದರು. ನಾಲ್ಕನೇ ಕ್ಲಾಸಿಗೇ ಸಾಲಿ ಬಿಟ್ಟವ ನಾನು! ಮುಂಬಯಿಯಲ್ಲೇ ಇದ್ದ ಬಸುರಿ ತಂಗಿಗೆ ಅವ್ವ ರೊಟ್ಟಿ, ಶೇಂಗಾ ಚಟ್ನಿಪುಡಿ ಇಟ್ಟು ಬಯಕಿ ಬುತ್ತಿ ಕಟ್ಟಿಕೊಟ್ಟಳು.

ಹೈದರಾಬಾದಿನಲ್ಲಿ ಹತ್ತಿದ ವಿಮಾನ ನಾಲ್ಕು ತಾಸು ಮೇಲೇಳಲಿಲ್ಲ, ನಮ್ಮನ್ನೂ ಇಳಿಸಲಿಲ್ಲ. ಪಕ್ಕದಲ್ಲಿ ರಾಯಚೂರ ಕಡೆಯ ಬಸುರಿ ಹೆಣ್ಣುಮಗಳು ಕುಂತಿದ್ದಳು.

“ಅಣ್ಣಾರ, ಶೇಂಗಾ ಹಿಂಡಿ ಏನ್ರಿ? ಭಾಳ ವಾಸನಿ ಬರಾಕತ್ತದ” ಅಂದಳು.

ಬಸುರಿ ಬಾಯಿಬಿಟ್ಟು ಕೇಳಿದ್ದಕ್ಕೆ ನಮ್ಮಲ್ಲಿ ಇಲ್ಲ ಅನ್ನೋದಿಲ್ಲ. ತಂಗಿಯ ಮುಖ ನೆನೆದು ಕೈ ತಡೆಯಿತು, ಆದರೂ ಗಂಟು ಬಿಚ್ಚಿದೆ. ಹಿಂದಿನ ಸಾಲಿನವರೂ ಕೈ ಚಾಚಿದರು. ಮುಂಬಯಿ ಮುಟ್ಟುವಾಗ ಉಳಿದದ್ದು ಬುತ್ತಿ ಕಟ್ಟಿದ ಬರೀ ಅರಿವೆ.

ತಂಗಿ ಅದನ್ನು ಝಾಡಿಸಿ ನೋಡಿ, ಕಥಿ ಕೇಳಿ ನಕ್ಕಳು.

“ಆಕಿಗೆ ಕೊಡದ ಬಂದಿದ್ದರ ನಿನ್ನ ಹೊರಗ ನಿಲ್ಲಿಸ್ತಿದ್ದೆ ನೋಡಣ್ಣ. ಈಗ ಕೈಕಾಲು ತೊಳ್ಕೊ. ಫರ್ಸಿ ಹಾಸೋ ಕೈ ಅದ, ರೊಟ್ಟಿ ನೀನೇ ಬಡಿ.”

ಬಡಿದೆ. ಒಂದೂ ದುಂಡಗಾಗಲಿಲ್ಲ, ಆಕಿ ಎಲ್ಲ ತಿಂದಳು.