ಅರ್ಧ ಎಲ್ಲಿ ಹೋಯ್ತು?

ಆ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಲೆಕ್ಕ ಕಲಿಸುತ್ತಿದ್ದ ಟೀಚರಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಅದು ಎಲ್ಲೂ ಬಳಕೆಯಲ್ಲಿರಲಿಲ್ಲ. ಭಾಗಾಕಾರದ ಕೊನೆಗೆ ಸೀಮೆಸುಣ್ಣವನ್ನು ಹಲಗೆಗೆ ಕುಟ್ಟಿ "ಶೇಷ ಎಷ್ಟು?" ಎಂದು ಕೇಳುವ ಅವರ ಚಾಳಿಗೆ ಮಕ್ಕಳು ಶೇಷಮ್ಮ ಎಂದು ನಾಮಕರಣ ಮಾಡಿಬಿಟ್ಟಿದ್ದರು. ಅವರಿಗೂ ಅದು ಗೊತ್ತಿತ್ತು. ಒಳಗೊಳಗೇ ಖುಷಿಯೂ ಇತ್ತು.

ನಾಲ್ಕು ಗಂಟೆಗೆ ಶಾಲೆ ಬಿಟ್ಟ ಮೇಲೆ, ಪಡಸಾಲೆಯ ಕೊನೆಯ ಕೋಣೆಯಲ್ಲಿ ಶೇಷಮ್ಮನ ಇನ್ನೊಂದು ಕ್ಲಾಸು ನಡೆಯುತ್ತಿತ್ತು. ಲೆಕ್ಕ ತಲೆಗೆ ಹತ್ತದವರನ್ನೆಲ್ಲ ಕೂರಿಸಿಕೊಂಡು ಐದೂವರೆಯವರೆಗೆ ತಿದ್ದುತ್ತಿದ್ದರು. ಶುಕ್ರವಾರ ಮಾತ್ರ ಐದಕ್ಕೇ ಬಿಡುತ್ತಿದ್ದರು. ಅವತ್ತು ಅತ್ತೆಯನ್ನು ಮಂಡಿನೋವಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಆ ಕ್ಲಾಸಿಗೆ ಒಂದು ಕಾನೂನಿತ್ತು: ಕೆಂಪು ಗುರುತು ಬಿದ್ದ ತಪ್ಪನ್ನು, ಮಾಡಿದವರೇ ಕೆಳಗೆ ಸರಿಯಾಗಿ ಬರೆದು, ತಂದು ತೋರಿಸಿ, ಸಹಿ ಹಾಕಿಸಿಕೊಳ್ಳಬೇಕು. "ತಪ್ಪು ಮಾಡೋದು ದೊಡ್ಡದಲ್ಲ, ಅದನ್ನ ಹಾಗೇ ಬಿಟ್ಟು ಹೋಗೋದು ದೊಡ್ಡದು" ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಆ ಮಾತಿಗೆ ಯಾರೂ ಎದುರಾಡಿರಲಿಲ್ಲ.

ಹೀಗೆ ಎಲ್ಲ ಸುಸೂತ್ರವಾಗಿದ್ದಾಗ ಬಂದಳು ಆಕೆ.

ಮಕ್ಕಳ ಮನಸ್ಸಿನ ಕಷ್ಟ ಕೇಳಲು ಅಂತಲೇ ಶಾಲೆಯವರು ನೇಮಿಸಿದ ಸಲಹೆಗಾರ್ತಿ. ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು. ಹಳೇ ನಕಾಶೆಗಳನ್ನು ಸುತ್ತಿಡುತ್ತಿದ್ದ ಉಗ್ರಾಣವನ್ನು ಗುಡಿಸಿ, ಎರಡು ಕುರ್ಚಿ ಹಾಕಿ, ಕುರ್ಚಿಗೆ ಎರಡು ದಿಂಬು ಇಟ್ಟಳು. ಅವತ್ತಿನಿಂದ ಶೇಷಮ್ಮನ ಬಾಯಲ್ಲಿ ಆಕೆ ದಿಂಬಿನ ಮೇಡಂ. "ಲೆಕ್ಕ ಬೆಂಚಿನ ಮೇಲೆ ಬರುತ್ತೆ, ದಿಂಬಿನ ಮೇಲೆ ನಿದ್ದೆ ಬರುತ್ತೆ" ಎಂದು ಸ್ಟಾಫ್ ರೂಮಿನಲ್ಲಿ ಹೇಳಿದರು. ಎಲ್ಲರೂ ನಕ್ಕರು. ಆದರೆ ಮಕ್ಕಳು ದಿಂಬಿನ ಕಡೆಗೇ ಹೋದರು.

ಎರಡೇ ತಿಂಗಳು. ಅಷ್ಟರಲ್ಲಿ ಆಕೆ ಎಲ್ಲರಿಗೂ "ಅಕ್ಕ" ಆಗಿಬಿಟ್ಟಳು! ಇಪ್ಪತ್ತೆರಡು ವರ್ಷ ಸೀಮೆಸುಣ್ಣದ ಪುಡಿ ನುಂಗಿದವರು ಇನ್ನೂ ಟೀಚರೇ, ನಿನ್ನೆ ಮೊನ್ನೆ ಬಂದವಳು ಅಕ್ಕ. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಸುಳ್ಳೇ? ಶೇಷಮ್ಮ ಮಧ್ಯಾಹ್ನ ನೀರು ಕುಡಿಯುವ ನೆಪದಲ್ಲಿ ಆ ಬಾಗಿಲ ಮುಂದೆ ಹಾದು, ಹೊರಗೆ ಕಾಯುತ್ತಿದ್ದವರನ್ನು ಎಣಿಸುತ್ತಿದ್ದರು. ಒಂದು ದಿನ ನಾಲ್ಕು, ಒಂದು ದಿನ ಏಳು. ಅವರಲ್ಲಿ ತನ್ನ ಕ್ಲಾಸಿನವರು ಎಷ್ಟು ಎಂದು ಬೇರೆ ಎಣಿಸುತ್ತಿದ್ದರು. ಅಷ್ಟು ನೀರು ಅವರು ಜನ್ಮದಲ್ಲೇ ಕುಡಿದಿರಲಿಲ್ಲ.

ಎಲ್ಲ ಹೋಗಲಿ, ಗುಬ್ಬಿ ಕೂಡ ಆ ಸಾಲಿನಲ್ಲಿ ನಿಂತಿದ್ದನ್ನು ಕಂಡ ದಿನ ಶೇಷಮ್ಮನ ಹೊಟ್ಟೆಯಲ್ಲಿ ಕಿಚ್ಚು ಬಿತ್ತು.

ಗುಬ್ಬಿ ಎಂದರೆ ಹತ್ತನೇ ಕ್ಲಾಸಿನ ಹುಡುಗಿ. ಆ ಹೆಸರಿಟ್ಟವರೂ ಶೇಷಮ್ಮನೇ. ಹಿಂದಿನ ವರ್ಷ ಬೇರೆ ಊರಿಂದ ಬಂದು ಸೇರಿದಾಗ ಲೆಕ್ಕದಲ್ಲಿ ನೂರಕ್ಕೆ ಹನ್ನೊಂದು. ಮಧ್ಯಾಹ್ನ ಮೆಟ್ಟಿಲ ಕೆಳಗೆ ಒಬ್ಬಳೇ ಕೂತು ಬುತ್ತಿ ತಿನ್ನುತ್ತಿದ್ದಳು. ಮಾತಾಡಿಸಿದರೆ ಪುರ್ರೆಂದು ಹಾರಿಹೋಗುವ ಹಾಗಿದ್ದಳು. ಶೇಷಮ್ಮ ಅವಳನ್ನು ಮುಂದಿನ ಬೆಂಚಿನಲ್ಲಿ, ತಮ್ಮ ಕೈಗೆ ಸಿಗುವಷ್ಟು ಹತ್ತಿರ ಕೂರಿಸಿಕೊಂಡು ಹನ್ನೊಂದನ್ನು ಮೂವತ್ತಾರು ಮಾಡಿದರು, ಮೂವತ್ತಾರನ್ನು ಎಂಬತ್ತೊಂದು ಮಾಡಿದರು. ಎಂಬತ್ತೊಂದು ಬಂದವಳು ಆ ಕ್ಲಾಸಿನಲ್ಲಿ ಇನ್ನೂ ಯಾಕೆ ಕೂತಿದ್ದಾಳೆ ಎಂದು ಯಾರೂ ಕೇಳಲಿಲ್ಲ. ಶೇಷಮ್ಮನಂತೂ ತಮ್ಮನ್ನು ತಾವು ಕೇಳಿಕೊಳ್ಳಲೇ ಇಲ್ಲ. ಅವಳು ಬೆಂಚಿನಲ್ಲಿದ್ದರೆ ಅವರಿಗೆ ಸಂಜೆ ಸಂಜೆಯಂತಿರುತ್ತಿತ್ತು, ಅಷ್ಟೇ.

"ಅಲ್ಲೇನು ಕೆಲಸ ನಿನಗೆ?" ಎಂದು ಕೇಳಿದರು ಸಂಜೆ.

"ಸುಮ್ನೆ ಟೀಚರ್."

"ಸುಮ್ನೆ ಹೋಗೋಕೆ ಅದೇನು ಪಾರ್ಕಾ?"

ಗುಬ್ಬಿ ತಲೆ ತಗ್ಗಿಸಿ ಲೆಕ್ಕ ಮಾಡಿದಳು. ಅವಳಿಗೊಂದು ಅಭ್ಯಾಸವಿತ್ತು, ಏಳು ಬರೆದಾಗಲೆಲ್ಲ ಅದರ ಸೊಂಟಕ್ಕೆ ಒಂದು ಅಡ್ಡಗೆರೆ ಎಳೆಯುತ್ತಿದ್ದಳು. ಅವತ್ತಿನ ಏಳುಗಳೆಲ್ಲ ಮುನಿಸಿಕೊಂಡ ಹಾಗೆ ಕಂಡವು.

ಸಲಹೆಗಾರ್ತಿಯ ಬಾಗಿಲ ಪಕ್ಕ ಒಂದು ಸ್ಟೂಲು, ಸ್ಟೂಲಿನ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬ. ಮುಚ್ಚಳದಲ್ಲಿ ಸೀಳು. ಬಾಯಿಬಿಟ್ಟು ಹೇಳಲಾರದವರು ಚೀಟಿ ಬರೆದು ಹಾಕಬಹುದು. "ಇದರಲ್ಲಿ ಹಾಕಿದ್ದನ್ನು ನಾನೊಬ್ಬಳೇ ಓದ್ತೀನಿ" ಎಂದು ಡಬ್ಬಕ್ಕೆ ಅಂಟಿಸಿದ್ದಳು. ಬೀಗ ಇರಲಿಲ್ಲ.

ಒಂದು ಮಂಗಳವಾರ ಆಕೆ ರಜೆ. ಬೆಳಗಿನ ಎರಡನೇ ಪಿರಿಯಡ್ಡು ಶೇಷಮ್ಮನಿಗೆ ಬಿಡುವು. ಪರೀಕ್ಷೆ ಪೇಪರುಗಳನ್ನು ತಿದ್ದುತ್ತಾ ತಿದ್ದುತ್ತಾ ಬೇಜಾರಾಗಿ, ಕೆಂಪು ಪೆನ್ನು ಕೈಯಲ್ಲಿರುವ ಹಾಗೇ ಎದ್ದು ನೀರಿಗೆ ಹೊರಟರು. ಪಡಸಾಲೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಡಬ್ಬ ಕಂಡಿತು. ಇಷ್ಟು ದಿನ ಇವರೆಲ್ಲ ಅದರೊಳಗೆ ಅದೇನು ಸುರಿಯುತ್ತಾರೆ? ತನ್ನ ಹತ್ತಿರ ಹೇಳದ್ದು, ಆ ದಿಂಬಿನವಳ ಹತ್ತಿರ ಹೇಳುವಂಥದ್ದು ಏನಿದೆ? ಮುಚ್ಚಳ ತೆಗೆದದ್ದು ತಾವೇ ಎಂದು ಆಮೇಲೆ ಅವರಿಗೆ ನಂಬಿಕೆಯಾಗಲಿಲ್ಲ. ಮೂರು ಚೀಟಿ ಇದ್ದವು. ಎರಡನ್ನು ಮುಟ್ಟಲಿಲ್ಲ. ಮೂರನೆಯದು ಅರೆಬರೆ ಮಡಚಿತ್ತು, ಒಳಗಿಂದ ಒಂದು ಏಳು ಇಣುಕುತ್ತಿತ್ತು. ಸೊಂಟಕ್ಕೆ ಅಡ್ಡಗೆರೆ.

ಅಲ್ಲೇ ನಿಂತು ಓದಿದರು.

"ಅಕ್ಕ, ನಾಲ್ಕು ಗಂಟೆ ಆದ ಮೇಲೆ ನನಗೆ ವಾಲಿಬಾಲ್ ಆಡೋಕೆ ಹೋಗ್ಬೇಕು. ನಮ್ಮ ಕ್ಲಾಸಿನ ಮೂರು ಜನ ಬಾ ಅಂತ ಕರೆದಿದಾರೆ. ಈ ಸ್ಕೂಲಿಗೆ ಬಂದ ಮೇಲೆ ನನ್ನನ್ನ ಯಾರಾದ್ರೂ ಕರೆದಿದ್ದು ಇದೇ ಮೊದಲು. ಆದ್ರೆ ಟೀಚರ್ ಕ್ಲಾಸಿದೆ. ದಿನಾ ಒಂದೂವರೆ ಗಂಟೆ, ಐದು ದಿನ, ವಾರಕ್ಕೆ 7 ಗಂಟೆ ಅಲ್ಲೇ ಹೋಗುತ್ತೆ. ನನಗೀಗ ಲೆಕ್ಕ ಬರುತ್ತೆ. ಟೀಚರ್‌ಗೆ ಬೇಜಾರಾಗದ ಹಾಗೆ ಹೇಗೆ ಹೇಳೋದು? ತಂಡದ ಪಟ್ಟಿ ಶುಕ್ರವಾರ ಹಾಕ್ತಾರೆ. ಅವತ್ತು ಸಂಜೆ ಬರದಿದ್ರೆ ಹೆಸರು ಬಿಡ್ತಾರೆ."

ಓದುತ್ತಾ ಓದುತ್ತಾ ಶೇಷಮ್ಮನ ಕಣ್ಣು ಮಂಜಾಯಿತು. ಕೈಗೆ ಮಾತ್ರ ಕಣ್ಣಿನ ಹಂಗಿರಲಿಲ್ಲ, ಇಪ್ಪತ್ತೆರಡು ವರ್ಷದ ಕೈ. ಅದು 7ರ ಸುತ್ತ ಕೆಂಪು ಸೊನ್ನೆ ಎಳೆದು, ಪಕ್ಕದಲ್ಲಿ 7½ ಎಂದು ಬರೆದು, ಕೆಳಗೆ "ಅರ್ಧ ಎಲ್ಲಿ ಹೋಯ್ತು?" ಎಂದು ಕೇಳಿಯೂ ಬಿಟ್ಟಿತು.

ಬರೆದದ್ದು ಅವರಿಗೆ ಆಮೇಲೆ ಕಂಡಿತು. ಆ ಕೆಂಪು ಅಕ್ಷರ ಶಾಲೆಯಲ್ಲಿ ಯಾರಿಗೆ ಗೊತ್ತಿಲ್ಲ? ವಾಪಸು ಹಾಕಿದರೆ ಸಿಕ್ಕಿಬೀಳುತ್ತಾರೆ. ಚೀಟಿ ಅವರ ಚೀಲದೊಳಗಿನ ಕನ್ನಡಕದ ಡಬ್ಬಿ ಸೇರಿತು.

ಅವತ್ತು ಸಂಜೆ ಗುಬ್ಬಿಯನ್ನು ನೋಡಿದರೆ ಸಿಟ್ಟು. ಬೇಜಾರಾಗದ ಹಾಗೆ ಹೇಳಬೇಕಂತೆ! ಹನ್ನೊಂದರಿಂದ ಎಂಬತ್ತೊಂದಕ್ಕೆ ಎತ್ತಿದವರು ಯಾರು? ಯಾರೋ ಮೂರು ಜನ ಒಂದು ಚೆಂಡು ಹಿಡಿದುಕೊಂಡು "ಬಾ" ಅಂದರೆ ಸಾಕಾ? ಕೋಣೆಯ ಕಿಟಕಿ ಆಟದ ಅಂಗಳದ ಕಡೆಗಿತ್ತು. ಮಕ್ಕಳ ಗಮನ ಕೆಡುತ್ತದೆಂದು ಅದು ಯಾವಾಗಲೂ ಮುಚ್ಚಿಯೇ ಇರುತ್ತಿತ್ತು. ಅವತ್ತು ಶೇಷಮ್ಮ ಅದರ ಚಿಲಕ ಬಿಗಿಯಾಗಿದೆಯೇ ಎಂದು ಇನ್ನೊಮ್ಮೆ ನೋಡಿದರು. ಚೆಂಡಿನ ಸದ್ದು ಆದರೂ ಒಳಗೆ ಬರುತ್ತಿತ್ತು. ಆ ಸದ್ದಿನ ಮೇಲೂ ಅವರಿಗೆ ಹೊಟ್ಟೆಕಿಚ್ಚಾಯಿತು.

ಬುಧವಾರ ಗುಬ್ಬಿ ಆ ಬಾಗಿಲ ಮುಂದೆ ಎರಡು ಸಲ ನಿಧಾನವಾಗಿ ನಡೆದಳು. ಒಳಗಿಂದ ಯಾರೂ ಕರೆಯಲಿಲ್ಲ. ಗುರುವಾರ ಮತ್ತೆ ಮೆಟ್ಟಿಲ ಕೆಳಗೆ ಒಬ್ಬಳೇ ಕೂತಿದ್ದಳು. ಬುತ್ತಿಯ ಮುಚ್ಚಳವನ್ನೂ ತೆಗೆದಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರೋ "ನನ್ನ ಪೆನ್ನು ಯಾರು ತಗೊಂಡ್ರಿ?" ಎಂದು ಕೂಗಿದ್ದಕ್ಕೆ ಶೇಷಮ್ಮ ತಮ್ಮ ಚೀಲ ಅವಚಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಮನೆಯಲ್ಲಿ ಅವರಿಗೆ ಅತ್ತೆ, ಗಂಡ ಇಬ್ಬರೇ. ಗಂಡನಿಗೆ ಛಾಪಾಖಾನೆಯಲ್ಲಿ ಕೆಲಸ, ಮಾತು ಕಡಿಮೆ. ಅವರ ಪಾಲಿನ ಮಾತನ್ನೂ ಸೇರಿಸಿ ಅತ್ತೆಯೇ ಆಡುತ್ತಿದ್ದರು. ಗುರುವಾರ ಸಂಜೆ ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ ಕೇಳಿದರು:

"ಏನಮ್ಮಾ, ಮೂರು ದಿನದಿಂದ ನನ್ನ ಮಂಡಿನ ಚಪಾತಿ ಹಿಟ್ಟು ನಾದಿದ ಹಾಗೆ ನಾದ್ತಿದೀಯ. ಯಾರ ಮೇಲೆ?"

"ಯಾರ ಮೇಲೂ ಇಲ್ಲ ಅತ್ತೆ. ಸ್ಕೂಲಿಗೆ ಒಬ್ಬಳು ಬಂದಿದಾಳೆ. ನಾನು ಬೆಳೆಸಿದ ಮಕ್ಕಳೆಲ್ಲ ಅವಳ ಹಿಂದೆ ಹೋಗ್ತಿದಾರೆ."

ಅತ್ತೆ ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ನೀನು ಈ ಮನೆಗೆ ಬಂದ ಹೊಸದರಲ್ಲಿ ಆರು ತಿಂಗಳು ನಿನ್ನ ಅಡುಗೆಗೆ ಉಪ್ಪಿಲ್ಲ ಅಂತಿದ್ದೆ, ನೆನಪಿದೆಯಾ?"

"ಮರೆಯೋ ಹಾಗಿದೆಯಾ?"

"ಉಪ್ಪು ಸರಿಯಾಗೇ ಇತ್ತು ಕಣೆ. ನನ್ನ ಮಗ ನಿನ್ನ ಕೈ ಅಡುಗೆ ಇನ್ನೊಂದು ಸಲ ಬಡಿಸಿಕೊಂಡು ತಿಂದ. ಅದನ್ನ ನೋಡೋಕಾಗ್ಲಿಲ್ಲ ನನಗೆ. ಸುಮ್ನೆ ಉಪ್ಪಿನ ಮೇಲೆ ಹಾಕಿದೆ." ಕಾಲು ಎಳೆದುಕೊಂಡರು. "ಆರು ತಿಂಗಳು ಅವನಿಗೆ ಒಂದು ತುತ್ತೂ ನೆಮ್ಮದಿಯಾಗಿ ಇಳೀಲಿಲ್ಲ. ಗೆದ್ದಿದ್ದೇನು ನಾನು, ಮಣ್ಣು."

ಶೇಷಮ್ಮನಿಗೆ ಬುತ್ತಿಯ ಮುಚ್ಚಳ ನೆನಪಾಯಿತು.

ಶುಕ್ರವಾರ ಬೆಳಿಗ್ಗೆ ಮೊದಲ ಗಂಟೆ ಬಾರಿಸುವ ಮುಂಚೆ ಅವರು ಸಲಹೆಗಾರ್ತಿಯ ಕೋಣೆಗೆ ಹೋಗಿ ಚೀಟಿಯನ್ನು ಮೇಜಿನ ಮೇಲಿಟ್ಟರು. ದಿಂಬಿನ ಕುರ್ಚಿಯಲ್ಲಿ ಕೂರಲಿಲ್ಲ. ಆಕೆ ಓದಿದಳು. ಕೆಂಪು ಸೊನ್ನೆಯನ್ನು ನೋಡಿದಳು. ಮುಖ ಬಿಗಿಯಿತು.

"ಟೀಚರ್, ಆ ಡಬ್ಬಕ್ಕೆ ನಾನು ಬೀಗ ಹಾಕಿರಲಿಲ್ಲ. ಬೇಕಾಗುತ್ತೆ ಅಂತ ಅನ್ನಿಸ್ಲೇ ಇಲ್ಲ."

ಈ ಮಾತಿಗಿಂತ ಎರಡು ಬಾರಿಸಿದ್ದರೆ ಚೆನ್ನಾಗಿತ್ತು.

"ಇದನ್ನ ನಾನು ಅವಳಿಂದ ಮುಚ್ಚಿಡಕ್ಕಾಗಲ್ಲ" ಎಂದಳು ಆಕೆ.

"ಮುಚ್ಚಿಡಿ ಅಂತ ಕೇಳೋಕೆ ಬಂದಿಲ್ಲ. ಇವತ್ತು ಶುಕ್ರವಾರ, ಅದನ್ನ ಹೇಳೋಕೆ ಬಂದೆ. ಸಂಜೆ ಅವಳು ನನ್ನ ಕ್ಲಾಸಿಗೆ ಬರೋದು ಬೇಡ. ನನಗೆ ಬೇಜಾರಿಲ್ಲ ಅಂತ ಹೇಳಿ."

"ಇಲ್ವಾ?"

"ಇದೆ" ಎಂದರು ಶೇಷಮ್ಮ. "ನನ್ನ ಹತ್ತಿರ ಹೇಳದೆ ನಿಮ್ಮ ಹತ್ತಿರ ಹೇಳಿದ್ಲಲ್ಲ ಅಂತ ಹೊಟ್ಟೆ ಉರಿಯುತ್ತೆ. ಆದ್ರೂ ಇಲ್ಲ ಅಂತ್ಲೇ ಹೇಳಿ."

ಸಂಜೆ ಮುಂದಿನ ಬೆಂಚು ಖಾಲಿ. ಹೊರಗಿನಿಂದ ಚೆಂಡಿನ ಸದ್ದು, ನಡುವೆ "ಏ, ನಿಂದು, ನಿಂದು, ಹೊಡಿ!" ಎಂಬ ಕೂಗು. ಯಾರಿಗೆ ಕೂಗಿದರು ಎಂದು ತಿಳಿಯಲು ಶೇಷಮ್ಮ ಕಿಟಕಿಯ ಹತ್ತಿರ ಹೋದರು, ಚಿಲಕಕ್ಕೆ ಕೈಯಿಟ್ಟರು, ತೆಗೆಯದೆ ವಾಪಸು ಬಂದರು. ನೋಡುವಷ್ಟು ದೊಡ್ಡ ಮನಸ್ಸು ಅವರಿಗೆ ಇನ್ನೂ ಬಂದಿರಲಿಲ್ಲ. ಐದಕ್ಕೆ ಸರಿಯಾಗಿ ಕ್ಲಾಸು ಬಿಟ್ಟು ಅತ್ತೆಯನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋದರು.

ಶನಿವಾರ, ಭಾನುವಾರ ಒಂದೇ ಚಿಂತೆ. ಚೀಟಿ ನೋಡಿದ ಮೇಲೆ ಆ ಹುಡುಗಿ ಇನ್ನು ಜನ್ಮದಲ್ಲಿ ತನ್ನ ಮುಖ ನೋಡುತ್ತಾಳಾ?

ಸೋಮವಾರ ಹತ್ತನೇ ಕ್ಲಾಸಿನ ಮನೆಗೆಲಸದ ಪುಸ್ತಕಗಳು ಮೇಜಿಗೆ ಬಂದವು. ಗುಬ್ಬಿಯ ಪುಸ್ತಕ ತೆರೆದರೆ ಮಧ್ಯದಲ್ಲಿ ಅದೇ ಚೀಟಿ. ಕ್ಲಾಸಿನ ಕಾನೂನಿನ ಪ್ರಕಾರ ಕೆಂಪು ಗುರುತಿನ ಕೆಳಗೆ ನೀಲಿ ಶಾಯಿಯಲ್ಲಿ ಬರೆದಿದ್ದಳು. ತಿದ್ದಿಕೊಂಡಿರುತ್ತಾಳೆ, ಸಹಿ ಕೇಳಿರುತ್ತಾಳೆ ಎಂದುಕೊಂಡು ಶೇಷಮ್ಮ ಕನ್ನಡಕ ಹಾಕಿಕೊಂಡರು.

"ಶುಕ್ರವಾರ ನೀವು ಐದಕ್ಕೇ ಬಿಡ್ತೀರಲ್ಲ ಟೀಚರ್. ಅರ್ಧ ಅಲ್ಲಿ ಹೋಯ್ತು. 7 ಸರಿ ಇದೆ."

ಶೇಷಮ್ಮ ಬೆರಳು ಮಡಚಿ ಎಣಿಸಿದರು. ಸೋಮ, ಮಂಗಳ, ಬುಧ, ಗುರು, ಶುಕ್ರ. ಇನ್ನೊಮ್ಮೆ ಎಣಿಸಿದರು. ಏಳೇ. ತಮ್ಮದೇ ಕ್ಲಾಸು, ತಮ್ಮದೇ ಗಡಿಯಾರ, ತಪ್ಪೂ ತಮ್ಮದೇ. ಹುಡುಗಿ ಪ್ರತಿ ನಿಮಿಷ ಲೆಕ್ಕ ಇಟ್ಟುಕೊಂಡು ಕೂತಿದ್ದಳು. ಕೈಗೆ ಸಿಗುವಷ್ಟು ಹತ್ತಿರ ಕೂರಿಸಿಕೊಂಡಿದ್ದ ಅವರಿಗೆ ಅದು ಕಂಡಿರಲಿಲ್ಲ.

ಅವರು ಕೆಂಪು ಪೆನ್ನನ್ನು ಪಕ್ಕಕ್ಕಿಟ್ಟು ಪಕ್ಕದ ಮೇಜಿನಿಂದ ನೀಲಿ ಪೆನ್ನು ಕೇಳಿ ತೆಗೆದುಕೊಂಡರು. ತಮ್ಮ 7½ರ ಮೇಲೆ ಗೆರೆ ಎಳೆದರು. ಕೆಳಗೆ ಹಂತ ಬಿಡದೆ ಬರೆದರು: ನಾಲ್ಕು ದಿನ ಒಂದೂವರೆ, ಆರು. ಶುಕ್ರವಾರ ಒಂದು. ಒಟ್ಟು 7. ಆ ಏಳಿನ ಸೊಂಟಕ್ಕೂ ಒಂದು ಅಡ್ಡಗೆರೆ ಎಳೆದರು. ಆಮೇಲೆ, "ತಪ್ಪು ನನ್ನದು. ತಿದ್ದಿದ್ದೇನೆ. ಸಹಿ ಹಾಕು" ಎಂದು ಬರೆದು, ಕೆಳಗೆ ಜಾಗ ಬಿಟ್ಟು, ಚೀಟಿಯನ್ನು ಅವಳ ಪುಸ್ತಕದೊಳಗೆ ಇಟ್ಟರು.