ಅಜ್ಜಿ ಹೊಲಿದ ನೇರಳೆ ರಿಬ್ಬನ್

ಆ ರವಿಕೆ ಬಟ್ಟೆ ನೇರಳೆ ಬಣ್ಣದ್ದೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಪರಮವೀರ ಚಕ್ರದ ಬಗ್ಗೆ ಓದಿದ ಮೇಲೆ ನನ್ನ ನೆನಪೇ ಅದಕ್ಕೆ ಬಣ್ಣ ಹಚ್ಚಿರಬಹುದು. ಉಳಿದದ್ದು ಹೆಚ್ಚುಕಡಿಮೆ ಹೀಗೆ ನಡೆಯಿತು.

ಸೋದರಮಾವ ಸೇನೆಯಲ್ಲಿ ಲಾರಿ ಓಡಿಸಿ ನಿವೃತ್ತನಾಗಿ, ಮಾಚೇನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿದ್ದ. ಅವನ ಹತ್ತಿರ ಒಂದು ಪದಕವಿತ್ತು. ಶೌರ್ಯಕ್ಕಲ್ಲ, ಇಷ್ಟು ವರ್ಷ ಸೇವೆ ಮಾಡಿದ್ದಕ್ಕೆ ಕೊಡುವಂಥದ್ದು. ರವೀಂದ್ರನಗರದ ನಮ್ಮ ಮನೆಯ ಆಯುಧಪೂಜೆಯಲ್ಲಿ ಈಳಿಗೆಮಣೆ, ಕತ್ತರಿ, ಸ್ಕೂಟರಿನ ಜೊತೆ ಅದಕ್ಕೂ ಕುಂಕುಮ ಬೀಳುತ್ತಿತ್ತು. ಒಂದು ವರ್ಷ ಅಜ್ಜಿ ದೇವರ ಪಾತ್ರೆಗಳ ಜೊತೆ ಪದಕವನ್ನೂ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟಳು. ಪದಕ ಫಳಫಳ ಅಂದಿತು, ರಿಬ್ಬನ್ ಚಿಂದಿಯಾಯಿತು. ಯಾರೋ ಬಾಗಿನ ಕೊಟ್ಟಿದ್ದ ರವಿಕೆ ಬಟ್ಟೆಯಿಂದ ಒಂದು ಪಟ್ಟಿ ಕತ್ತರಿಸಿ, ಅಂಚು ಮಡಚಿ ಹೊಲಿದು ಸಿಕ್ಕಿಸಿದಳು.

ಜನವರಿಯಲ್ಲಿ ಕಾರ್ಖಾನೆಯವರು ಮಾಮನನ್ನೇ ಧ್ವಜ ಹಾರಿಸಲು ಕರೆದರು. ಪದಕ ಹಾಕಿಕೊಂಡೇ ಬರಬೇಕೆಂದೂ ಹೇಳಿದ್ದರು. ಬೆಳಿಗ್ಗೆ ಡಬ್ಬಿ ತೆರೆದವನು ಹಾಗೇ ನಿಂತ.

"ಇದೇನಮ್ಮಾ ಇದು?"

"ಹಳೇದು ಪೈಜಾಮದ ಥರ ಪಟ್ಟೆಪಟ್ಟೆ ಇತ್ತು ಕಣೋ. ಇದು ನೋಡು, ಎಷ್ಟು ಲಕ್ಷಣವಾಗಿದೆ."

ಮಾಮ ಪದಕವನ್ನು ಎದೆಯ ಹತ್ತಿರ ಒಯ್ದ. ಪಿನ್ನು ಬಿಚ್ಚಿ, ಮತ್ತೆ ಹಾಕಿದ.

"ಯಾಕೋ, ಹೊಲಿಗೆ ಚೆನ್ನಾಗಿಲ್ವಾ?"

"ತುಂಬಾ ಚೆನ್ನಾಗಿದೆ. ನನಗೆ ಜಾಸ್ತಿ ಆಯ್ತು ಅಷ್ಟೇ."

ಪದಕವನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಹೋಗಿ ಧ್ವಜ ಹಾರಿಸಿ ಬಂದ. "ನಮ್ಮ ಕೈಕೆಲಸ ಮಿಲಿಟ್ರಿಯವರಿಗೆ ಎಲ್ಲಿ ಹಿಡಿಸುತ್ತೆ" ಎಂದು ಅಜ್ಜಿ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಕಾರಣವನ್ನು ಅವನು ಅವಳಿಗೆ ಕೊನೆಯವರೆಗೂ ಹೇಳಲಿಲ್ಲ.

ನನಗೆ ಗೊತ್ತಾದದ್ದು ಶಂಕರಘಟ್ಟದಲ್ಲಿ ಎಂ.ಎ. ಓದುವಾಗ, ಲೈಬ್ರರಿಯಲ್ಲಿ. ದೇಶದ ಅತ್ಯುನ್ನತ ಸೇನಾ ಪದಕವಾದ ಪರಮವೀರ ಚಕ್ರವನ್ನು ರೂಪಿಸಿದವಳು ಯೂರೋಪಿನಲ್ಲಿ ಹುಟ್ಟಿ, ಇಲ್ಲಿಗೆ ಸೊಸೆಯಾಗಿ ಬಂದು, ನಮ್ಮ ಪುರಾಣಗಳನ್ನು ನಮಗಿಂತ ಚೆನ್ನಾಗಿ ಓದಿಕೊಂಡ ಹೆಂಗಸು. ಕಂಚಿನ ಬಿಲ್ಲೆಯ ನಡುವೆ ರಾಷ್ಟ್ರಲಾಂಛನ, ಸುತ್ತ ನಾಲ್ಕು ವಜ್ರಾಯುಧ. ದಧೀಚಿ ತನ್ನ ಮೂಳೆಯನ್ನೇ ಕೊಟ್ಟು ಮಾಡಿಸಿದ ಆಯುಧ ಅದು. ರಿಬ್ಬನ್? ಒಂದೂ ಪಟ್ಟೆಯಿಲ್ಲದ ಅಪ್ಪಟ ನೇರಳೆ.

ನಾನು ಜೋರಾಗಿ ನಕ್ಕುಬಿಟ್ಟೆ. ಮುಂದಿನ ಸಾಲು ಓದಿ ಸುಮ್ಮನಾದೆ. ಅದನ್ನು ಪಡೆದವರಲ್ಲಿ ಹೆಚ್ಚಿನವರು ಧರಿಸಲು ಬದುಕಿರಲಿಲ್ಲ.

ಮಾಮ ಈಗ ಭದ್ರಾವತಿಯಲ್ಲಿದ್ದಾನೆ. ಹೋದ ಭಾನುವಾರ ಡಬ್ಬಿ ತೆಗೆಸಿದೆ. ರಿಬ್ಬನ್ ಮಾಸಿ ಬೂದಿ ಬಣ್ಣಕ್ಕೆ ತಿರುಗಿದೆ, ನನ್ನ ನೆನಪಿಗೆ ಸಾಕ್ಷಿಯೂ ಇಲ್ಲ.

"ಸರಿಯಾದ ರಿಬ್ಬನ್ ತರಿಸಿ ಹಾಕ್ಬಹುದಿತ್ತಲ್ಲ ಮಾಮ?"

"ಅಮ್ಮ ಹೊಲಿದಿದ್ದನ್ನ ಬಿಚ್ಚೋದಾ? ಸುಮ್ನಿರು ಮಾರಾಯ್ತಿ."

ಆಮೇಲೆ ಇನ್ನೊಂದು ಕೇಳಿದೆ. ಅವನು ಡಬ್ಬಿ ಮುಚ್ಚಿ ಕಾಫಿಗೆ ಸಕ್ಕರೆ ಎಷ್ಟು ಅಂದ. ನಾನು ಕೇಳಿದ್ದು ಇಷ್ಟೇ:

"ಒಂದೇ ಒಂದು ಸಲ, ಬಾಗಿಲು ಹಾಕ್ಕೊಂಡು, ಕನ್ನಡಿ ಮುಂದೆ ನಿಂತು ಹಾಕ್ಕೊಂಡು ನೋಡ್ಲಿಲ್ವಾ ಮಾಮ?"